ಅಳಿಸುವ ಮೊದಲು

ಶಂಕರಪುರದ ಮಲ್ಲಿಗೆ ಅಂಗಡಿಯಲ್ಲಿ ಹೂ ತಂದವರ ಹೆಸರನ್ನು ಕಂಪ್ಯೂಟರಿಗೆ ಹಾಕುತ್ತಿದ್ದವರು ಒಬ್ಬರು ಬಾಯಮ್ಮ; ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಹಾಗೆ ಕರೆಯುವುದು. ಹೂ ಒಯ್ಯುವ ವ್ಯಾನು ಹೊರಡುವ ಹೊತ್ತಿಗೆ ಪ್ರಿಂಟ್ ತೆಗೆದು, ಹೆಸರುಗಳ ಇಡೀ ಪಟ್ಟಿ ಸೆಲೆಕ್ಟ್ ಮಾಡಿ ಡಿಲೀಟ್ ಒತ್ತುತ್ತಿದ್ದರು. “ನಾಳೆಯ ಹೂವಿಗೆ ಜಾಗ ಬೇಕಲ್ವಾ” ಎನ್ನುತ್ತಿದ್ದರು. ಪಟ್ಟಿ ಖಾಲಿಯಾದ ಮೇಲೆ ತಂದ ಹೂವನ್ನು ಅಂಗಡಿಯ ಧಣಿ ಮುಟ್ಟುತ್ತಿರಲಿಲ್ಲ. ಅದು ತಂದವರ ಮನೆಯಲ್ಲೇ ಬಾಡಬೇಕು.

ಒಂದು ದಿನ ವ್ಯಾನು ಹೊರಡುವ ಹೊತ್ತಾದರೂ, ದಿನಾ ಹೂ ತರುವ ಕಾಲುನೋವಿನ ಅಜ್ಜಿಯೊಬ್ಬರು ಇನ್ನೂ ಬಂದಿರಲಿಲ್ಲ.

“ಎಂತ ಬಾಯಮ್ಮ, ಅಳಿಸಿ ಆಗಲಿಲ್ವಾ?” ಎಂದರು ಧಣಿ.

“ಕಂಪ್ಯೂಟರ್ ಸ್ಲೋ ಉಂಟು, ಎಂತ ಮಾಡುವುದು!”

ಅಷ್ಟರಲ್ಲಿ ಅಜ್ಜಿ ಏದುಸಿರು ಬಿಡುತ್ತಾ ಬಂದು ಹೂವಿನ ಕಟ್ಟನ್ನು ಮೇಜಿನ ಮೇಲಿಟ್ಟರು.

ಅಂದು ಮಳೆಯಿತ್ತೇ, ಬಿಸಿಲೇ, ಹೇಳಲಾರೆ; ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಆದರೆ ಬಾಯಮ್ಮ ಕಂಪ್ಯೂಟರ್ ಸ್ಲೋ ಎಂದಾಗ ನಾನು ಅವರ ಹಿಂದೆಯೇ ನಿಂತಿದ್ದೆ; ಪರದೆಯ ಮೇಲೆ “ಎಲ್ಲವನ್ನೂ ಅಳಿಸಬೇಕೇ?” ಎಂಬ ಪ್ರಶ್ನೆ ಉತ್ತರಕ್ಕೆ ಕಾಯುತ್ತಿತ್ತು. ಅವರ ಎರಡೂ ಕೈಗಳು ಮಡಿಲಲ್ಲಿದ್ದವು.