ಕೆಂಪು ಪೆನ್ಸಿಲಿನ ಸುತ್ತು

ಮೊನ್ನೆ ಕೊಪ್ಪಳದ ಗುಜರಿ ಅಂಗಡಿಯಲ್ಲಿ ಹಳೇ ಟೈಪ್‌ರೈಟರ್ ಒಂದು ಕಂಡಿತು. ಬಗ್ಗಿ ನೋಡಿದರೆ ಅದೇ ವಾಸನೆ, ರಿಬ್ಬನ್ನಿನ ಮಸಿ, ಹೊಲಿಗೆ ಯಂತ್ರದ ಎಣ್ಣೆ... ಯಲಬುರ್ಗಾದ ಟೈಪಿಂಗ್ ಕ್ಲಾಸಿನ ಅಕ್ಕೋರು ನೆನಪಾದರು. ಹಿಂದೆಯೇ ನಾಚಿಕೆಯೂ ಬಂತು.

ನನ್ನ ಹತ್ತೂ ಬೆರಳಿಗೆ ಕೆಲಸ ಕಲಿಸಿದವರು ಅವರು. ಅವರ ಕ್ಲಾಸಿನಲ್ಲಿ ತಪ್ಪನ್ನು ರಬ್ಬರಿನಿಂದ ಅಳಿಸುವಂತಿರಲಿಲ್ಲ. ನಾವೇ ಕೆಂಪು ಪೆನ್ಸಿಲಿನಿಂದ ಅದಕ್ಕೆ ಸುತ್ತು ಹಾಕಿ ಹಾಳೆಯನ್ನು ಅವರ ಕೈಗೆ ಕೊಡಬೇಕಿತ್ತು. ಬೈಯುತ್ತಿರಲಿಲ್ಲ. "ತೋರಿಸಿದೆಯಲ್ಲ, ಸಾಕು. ಇನ್ನೊಮ್ಮೆ ಹೊಡಿ," ಅನ್ನುತ್ತಿದ್ದರು.

ಮುಂದೆ ನಾನು ಕೊಪ್ಪಳದಲ್ಲಿ ವೆಬ್‌ಸೈಟ್ ಮಾಡುವ ಕೆಲಸಕ್ಕೆ ಸೇರಿದೆ. ಅಕ್ಕೋರೂ ಒಂದು ಹಳೇ ಕಂಪ್ಯೂಟರ್ ಇಟ್ಟುಕೊಂಡು ಊರವರ ಅರ್ಜಿ ತುಂಬಿಕೊಡುತ್ತಿದ್ದರು. ಒಂದು ನರ್ಸಿಂಗ್ ಕಾಲೇಜಿನ ಅರ್ಜಿಯ ಪುಟವನ್ನು ನಾನೇ ಮಾಡಿದ್ದೆ. ಬಂದವರ ಬ್ರೌಸರ್ ಯಾವುದೆಂದು ನನ್ನ ಕೋಡ್ ಮೊದಲು ಹೆಸರು ನೋಡುತ್ತಿತ್ತು. ಪಟ್ಟಿಯಲ್ಲಿದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಆ ಬ್ರೌಸರಿನಲ್ಲಿ ಅರ್ಜಿ ತುಂಬಲು ಆಗುತ್ತದೆಯೇ ಎಂದು ನೋಡುತ್ತಲೇ ಇರಲಿಲ್ಲ. ಪಟ್ಟಿಯಲ್ಲಿ ಇದ್ದದ್ದು ನನ್ನ ಕಂಪ್ಯೂಟರಿನಲ್ಲಿದ್ದ ಎರಡೇ ಹೆಸರು. ಅಷ್ಟು ಧಿಮಾಕು ನನಗೆ.

ಅರ್ಜಿಯ ಕೊನೆಯ ದಿನ ಸಂಜೆ ಅಕ್ಕೋರ ಫೋನ್ ಬಂತು. ಅವರ ಮಗಳ ಅಂಕಪಟ್ಟಿ ಅಂದೇ ಕೈಗೆ ಬಂದಿತ್ತಂತೆ. ಅರ್ಜಿ ತೆರೆದರೆ, ನಿಮ್ಮ ಬ್ರೌಸರ್ ನಡೆಯುವುದಿಲ್ಲ ಎಂದು ಬರುತ್ತಿದೆ ಎಂದರು.

"ಮಷಿನ್ ಹಳೇದೈತ್ರಿ ಅಕ್ಕೋರ, ನಾ ಏನ್ ಮಾಡ್ಲಿ?" ಅಂದೆ.

ವಿವರ ಕೇಳಿಕೊಂಡು ನಾನೇ ತುಂಬಬಹುದಿತ್ತು. ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆದಿತ್ತು, ಮನೆಗೆ ಹೊರಡುವ ಆತುರ... ಹುಡುಗಿಯ ಸೀಟು ಹೋಯಿತು. ಮರುವರ್ಷದ ಹೊತ್ತಿಗೆ ಅವಳ ಮದುವೆಯೂ ಆಗಿತ್ತು.

ಆ ಫೋನ್ ಬಂದ ಮರುದಿನವೇ, ಬ್ರೌಸರಿನ ಹೆಸರು ನೋಡುವ ಕೋಡಿನ ಸಾಲು ತೆಗೆದು, ಅಕ್ಕೋರ ಹತ್ತಿರ ಇದ್ದಂಥದೇ ಹಳೇ ಬ್ರೌಸರಿನಲ್ಲಿ ಅರ್ಜಿ ತುಂಬಿ ನೋಡಿದೆ. ಎಲ್ಲೂ ತಡೆಯದೆ ಕೊನೆಯವರೆಗೆ ಹೋಯಿತು. ಯಾರಿಗೂ ಹೇಳಲಿಲ್ಲ.

ವಾರದ ಮೇಲೆ ಅಕ್ಕೋರು ಬಸ್ಸಿನಲ್ಲಿ ಬಂದರು. ಜಗಳಕ್ಕೆ ಬಂದರೇನೋ ಎಂದುಕೊಂಡೆ. ಚೀಲದಿಂದ ಒಂದು ಹಾಳೆ ತೆಗೆದರು. ಪರದೆಯ ಮೇಲೆ ಬಂದ ಆ ಸೂಚನೆಯನ್ನೇ ಪ್ರಿಂಟ್ ಮಾಡಿಕೊಂಡು, ತಮ್ಮ ಬ್ರೌಸರಿನ ಹೆಸರಿಗೆ ಕೆಂಪು ಸುತ್ತು ಹಾಕಿದ್ದರು.

"ತಪ್ಪು ನಂದೈತಿ ತಂಗಿ, ಹಳೇದನ್ನ ಇಟ್ಕೊಂಡು ಕುಂತಿದ್ದೆ. ಬ್ಯಾರೆ ಮಕ್ಕಳಿಗೆ ಹಿಂಗಾಗೂದು ಬ್ಯಾಡ. ಯಾವ ಕಂಪ್ಯೂಟರ್ ತಗೊಳ್ಲಿ, ಬರದ್ ಕೊಡು," ಅಂದರು.

ಅದೇ ಹಾಳೆಯ ಹಿಂದೆ ಬರೆದುಕೊಟ್ಟೆ. ಟೈಪ್‌ರೈಟರುಗಳನ್ನೆಲ್ಲ ಮಾರಿ ಅವರು ಹೊಸ ಕಂಪ್ಯೂಟರ್ ತಂದರು.

ಅಕ್ಕೋರು ತೀರಿಹೋಗಿ ಎರಡು ವರ್ಷವಾಯಿತು. ಗುಜರಿಯವನು "ಬೇಕೇನ್ರಿ?" ಎಂದು ಕೇಳಿದ. ಬೇಡವೆಂದು ಹೊರಬಂದೆ. ಅವರು ಕಲಿಸಿದ ಕೈಯಿಂದಲೇ ನಾನು ಆ ಸಾಲನ್ನು ಸದ್ದಿಲ್ಲದೆ ಅಳಿಸಿದ್ದೆ. ಈಗ ಸುತ್ತು ಹಾಕಿ ಕೊಡೋಣವೆಂದರೆ ಹಾಳೆ ತೆಗೆದುಕೊಳ್ಳುವ ಕೈ ಇಲ್ಲ.