ಹನ್ನೆರಡು ಬಡಿಯದ ಮಧ್ಯಾಹ್ನ

ನಿಜಾಮರ ಆಳ್ವಿಕೆ ಹೋಗಿ, ನಮ್ಮ ಶಹಾಪುರ ಇನ್ನೂ ಕನ್ನಡ ನಾಡಿಗೆ ಸೇರಿರದ ವರ್ಷಗಳಲ್ಲಿ ನನ್ನ ಮದುವೆಯಾಯಿತು. ಇಸವಿ ಕೇಳಿದರೆ ಒಮ್ಮೆ ಒಂದು ಹೇಳುತ್ತೇನೆ, ಇನ್ನೊಮ್ಮೆ ಇನ್ನೊಂದು. ಬೇಸಿಗೆಯೆಂಬುದು ಮಾತ್ರ ಖಾತ್ರಿ. ಬಾಸಿಂಗದ ಕೆಳಗೆ ಹಣೆ ಬೆವತು ತುರಿಸುತ್ತಿದ್ದುದು ಈಗಲೂ ನೆನಪಿದೆ.

ಆಗ ಊರಿಗೆಲ್ಲ ಹೊತ್ತು ಹೇಳುತ್ತಿದ್ದುದು ತಹಸೀಲ ಕಚೇರಿಯ ಗಂಟೆ. ತೂಗುಹಾಕಿದ ಕಂಚಿನ ತಟ್ಟೆಗೆ ಹುಸೇನಸಾಬ ಎಂಬ ಹಿರಿಯರು ತಾಸಿಗೊಮ್ಮೆ ಬಡಿಯುತ್ತಿದ್ದರು. ಗಡಿಯಾರ ಇದ್ದವರೂ ಅದನ್ನೇ ನಂಬುತ್ತಿದ್ದರು.

ಹನ್ನೆರಡರೊಳಗೆ ನಮ್ಮ ತಲೆ ಮೇಲೆ ಅಕ್ಕಿಕಾಳು ಬೀಳಬೇಕೆಂದು ಅಯ್ಯನವರು ಮುಹೂರ್ತ ಇಟ್ಟಿದ್ದರು. ಕೊಂಕಲ್‌ನಿಂದ ದಿಬ್ಬಣದ ಮುಂದಿನ ಗಾಡಿ ಬಂತು, ಮದುಮಗನ ಗಾಡಿ ಬರಲಿಲ್ಲ. ಹಳ್ಳದ ಉಸುಕಿನಲ್ಲಿ ಗಾಲಿ ಹೂತು ಅಚ್ಚು ಮುರಿದಿತ್ತಂತೆ. ಮುಂದೆ ಬಂದಿದ್ದವರು ಮದುಮಗನ ಸೋದರಮಾವ ಬಸವಂತಪ್ಪ. ಅಕ್ಕನ ಮಗನಿಗೆ ತಮ್ಮ ಮಗಳನ್ನೇ ಕೊಡಬೇಕೆಂದು ಕಾದಿದ್ದವರು. ಅಕ್ಕನ ಮನೆಯವರು ಅವರ ಮಾತು ಮೀರಿ ನನ್ನನ್ನು ಗೊತ್ತು ಮಾಡಿದ್ದರು.

"ಹನ್ನೆರಡ ಬಡೀತಂದ್ರ ಗಾಡಿ ತಿರುಗಸ್ತೀನ್ರಿ. ಹೊತ್ತು ಮೀರಿದ ಮದವಿ ನಮ್ಮನ್ಯಾಗ ಮಾಡಂಗಿಲ್ಲ" ಎಂದು ಜಮಖಾನೆಯ ಮೇಲೆ ಕೂತರು.

ಅಪ್ಪ ಗೋಡೆಯ ಗಡಿಯಾರ ತೋರಿಸಿದರು. "ಇನ್ನಾ ಹತ್ತೂವರಿ ಅದ ಬೀಗರ."

"ಅದು ನಿನ್ನಿ ರಾತ್ರಿದು" ಎಂದು ಯಾರೋ ಅಂದರು. ಇನ್ನೊಬ್ಬರ ಜೇಬಿನ ಗಡಿಯಾರದಲ್ಲಿ ಆಗಲೇ ಒಂದಾಗಿತ್ತು.

"ನಿಮ್ಮ ಗಡಿಯಾರಕ್ಕ ನಿಜಾಮ ಹೋದದ್ದ ಇನ್ನಾ ಗೊತ್ತಿಲ್ಲ. ಸರಕಾರ ಬಡಿದದ್ದೇ ಟೈಮ್" ಎಂದರು ಬಸವಂತಪ್ಪ. ಹಂದರವೆಲ್ಲ ನಕ್ಕಿತು. ಅಪ್ಪ ನಗಲಿಲ್ಲ.

ಅಪ್ಪನ ತಂಗಿ ಗುರುಬಾಯಿ ಅತ್ತೆ ಸೆರಗು ಹೊದ್ದು ಹಿತ್ತಲ ಬಾಗಿಲಿಗೆ ನಡೆದಳು. ಎಲ್ಲಿಗೆ ಎಂದು ಅವ್ವ ಕೇಳಿದಳು.

"ಸರಕಾರಕ್ಕ ಭೆಟ್ಟಿ ಆಗಿ ಬರ್ತೀನಿ."

ಕಚೇರಿಯಲ್ಲಿ ನಡೆದದ್ದು ಅತ್ತೆ ಹೇಳಿದ್ದು. ಹೇಳಿದಾಗಲೆಲ್ಲ ಅದು ಬದಲಾಗುತ್ತಿತ್ತು. ಒಮ್ಮೆ ಹುಸೇನಸಾಬರು "ನೌಕರಿ ಹೋಗ್ತದ ಬೇಟಿ" ಎಂದರಂತೆ, ಈಕೆ "ನೌಕರಿ ಹ್ವಾದ್ರ ನಮ್ಮನ್ಯಾಗ ಉಣ್ರಿ ಕಾಕಾ, ಹುಡುಗನ್ನ ಎಲ್ಲಿಂದ ತರ್ಲಿ" ಎಂದಳಂತೆ. ಇನ್ನೊಮ್ಮೆ, ಅವರು ಮಾತೇ ಆಡದೆ ಸುತ್ತಿಗೆ ಕೆಳಗಿಟ್ಟು ಬೀಡಿ ಹಚ್ಚಿದರಂತೆ. ಒಂದು ಮಾತು ಮಾತ್ರ ಯಾವತ್ತೂ ಬದಲಾಗಲಿಲ್ಲ. ಹೊಸದಾಗಿ ಬಂದ ಸಾಹೇಬರು ಒಳಗಿನಿಂದ "ಹನ್ನೆರಡು ಆಗಲಿಲ್ಲೇನು?" ಎಂದು ಕೇಳಿದಾಗ ಹುಸೇನಸಾಬರು ಹೇಳಿದ್ದು: "ಆಗಾಕತ್ತದ ಸಾಹೇಬ್ರ."

ಇತ್ತ ಹಂದರದಲ್ಲಿ ಎಲ್ಲರ ಕಿವಿ ಕಚೇರಿಯ ಕಡೆಗಿತ್ತು. ನಡುಮನೆಯ ಕಿಟಕಿಯಿಂದ ನನಗೆ ಅಂಗಳ ಕಾಣುತ್ತಿತ್ತು. ಹೊತ್ತು ನೆತ್ತಿ ದಾಟಿ, ಎತ್ತು ಕಟ್ಟುವ ಗೂಟದ ನೆರಳು ಆಗಲೇ ಆಚೆ ಮಗ್ಗುಲಿಗೆ ಹೊರಳಿತ್ತು. ಬಸವಂತಪ್ಪನವರ ಕಣ್ಣೂ ಅಲ್ಲೇ ಇತ್ತು.

"ಇವತ್ತ ಹನ್ನೊಂದು ಭಾಳ ಉದ್ದ ಆತಲ್ಲ" ಎಂದರು. ಅವರು ಎದ್ದು, ಹೆಗಲ ಮೇಲಿನ ವಲ್ಲಿ ತೆಗೆದು, ಆ ಗೂಟದ ಮೇಲೆ ಹರಡಿ ಬಂದು ಕೂತರು.

ಯಾರದೋ ಸೈಕಲ್ಲಿನ ಹಿಂದೆ ಕೂತು, ಬಾಸಿಂಗವನ್ನು ತೊಡೆಯ ಮೇಲಿಟ್ಟುಕೊಂಡು ಮದುಮಗ ಬಂದಿಳಿದ. ಮೈಯೆಲ್ಲ ಧೂಳು. ಅಕ್ಕಿಕಾಳು ಬಿದ್ದವು. ಆಮೇಲೆ ಗಂಟೆ ಬಡಿಯಿತು. ಎಷ್ಟು ಬಡಿಯಿತೆಂದು ಯಾರೂ ಎಣಿಸಲಿಲ್ಲ.

ಮುಂದೆ ಬಸವಂತಪ್ಪ ಮಾವನವರಿಗೆ ಎಷ್ಟೋ ಸಲ ಉಣಬಡಿಸಿದ್ದೇನೆ. ವಲ್ಲಿ ಬೆವರಿಗೆ ಒದ್ದೆಯಾಗಿತ್ತೆಂದು ಒಣಹಾಕಿದರೋ, ನೆರಳು ಮುಚ್ಚಿದರೋ ಎಂದು ಮಾತ್ರ ಕೇಳಲಿಲ್ಲ. "ಬೆವರಿತ್ತವ್ವಾ" ಎಂದುಬಿಟ್ಟಾರೆಂಬ ಅಂಜಿಕೆ. ನನ್ನ ನೆನಪೂ ಅಷ್ಟು ನಂಬುವಂಥದ್ದಲ್ಲ, ವಲ್ಲಿಯ ಬಣ್ಣ ಕೇಳಿದರೆ ಹೇಳಲಾರೆ. ಆದರೂ ತಮ್ಮ ಮಗಳಿಗೆ ಬಯಸಿದ್ದ ವರನನ್ನು ಅವರು ಆ ಗಳಿಗೆಯಲ್ಲಿ ತಿಳಿದೇ ನನಗೆ ಬಿಟ್ಟುಕೊಟ್ಟರೆಂದು ನಂಬಿಕೊಂಡು ಇಷ್ಟು ವರ್ಷ ಸಂಸಾರ ಮಾಡಿದ್ದೇನೆ.