ನೆಗಡಿ ಶೆಟ್ಟರು

ಅಟ್ಟದಿಂದ ಇಳಿಸಿದ ಟ್ರಂಕಿನ ಮುಚ್ಚಳ ತೆಗೆದೆ ನೋಡಿ, ನುಸಿಗುಳಿಗೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಅದರ ಬೆನ್ನಿಗೇ ಹಳೇ ಬಟ್ಟೆಯ ವಾಸನೆ, ಒಣಮಣ್ಣಿನ ವಾಸನೆ. ನನ್ನ ಪಾಲಿಗೆ ನವರಾತ್ರಿ ಶುರುವಾಗುವುದು ಇಲ್ಲಿಂದಲೇ. ಅರಮನೆಗೆ ದೀಪ ಹಾಕಲಿ ಬಿಡಲಿ, ಈ ಟ್ರಂಕು ತೆರೆದ ಹೊತ್ತಿಗೆ ನನಗೆ ಎಂಟು ವರ್ಷ ವಯಸ್ಸಾಗಿಬಿಡುತ್ತದೆ. ಮಂಡಿ ಮಾತ್ರ ಅರವತ್ತರದ್ದೇ ಇರುತ್ತದೆ, ಅದು ಬೇರೆ ಮಾತು.

ಮೊದಲು ಕೈಗೆ ಸಿಕ್ಕವಳು ಶೆಟ್ಟಮ್ಮ. ಗೇಣುದ್ದದ ಮಣ್ಣಿನ ಗೊಂಬೆ. ದಪ್ಪ ಕೆನ್ನೆ, ಹಸಿರು ಸೀರೆ, ಕಾಲು ಚಾಚಿಕೊಂಡು ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ ಕೂತ ಭಂಗಿ. ಗೊಂಬೆ ಕೂರಿಸುವವರಿಗೆ ಹೇಳಬೇಕಾಗಿಲ್ಲ, ಶೆಟ್ಟಮ್ಮನ ಪಕ್ಕದಲ್ಲಿ ಹೊಟ್ಟೆ ಬಿಟ್ಟುಕೊಂಡ ಶೆಟ್ಟರು ಇರಲೇಬೇಕು. ಇಬ್ಬರ ಮುಂದೆ ಅಕ್ಕಿ, ಬೇಳೆ, ಬೆಲ್ಲದ ಪುಟ್ಟ ಪುಟ್ಟ ಗುಡ್ಡೆ ಇರಬೇಕು. ನಮ್ಮ ಶೆಟ್ಟಮ್ಮ ಮೂರು ವರ್ಷದಿಂದ ಒಂಟಿ. ಅವಳನ್ನು ಒಂಟಿ ಮಾಡಿದವಳು ನಾನು. ಈ ಕಥೆ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಕುಂಬಾರಕೊಪ್ಪಲಿನ ಒಂದು ವಠಾರದಲ್ಲಿ. ಅಪ್ಪ ಮೇಷ್ಟ್ರು. ಪಕ್ಕದ ಮನೆಗೆ ಹೊಸದಾಗಿ ಮದುವೆಯಾಗಿ ಬಂದವರು ಪುಟ್ಟತಾಯಕ್ಕ. ಅವರ ಗಂಡ ಊರಿನ ಹೊಲ ತಮ್ಮಂದಿರಿಗೆ ಬಿಟ್ಟು ಬಂದು ಬಸ್ಸು ರಿಪೇರಿ ಕೆಲಸಕ್ಕೆ ಸೇರಿಕೊಂಡಿದ್ದರು. ಅವರ ಕಡೆ ಗೊಂಬೆ ಕೂರಿಸುವ ಪದ್ಧತಿ ಇರಲಿಲ್ಲ. ಮೊದಲ ನವರಾತ್ರಿಗೆ ನಮ್ಮನೆಗೆ ಬಂದು, ಗೊಂಬೆಯ ಮೆಟ್ಟಿಲ ಮುಂದೆ ಕೂತು, ಒಂದು ಗಂಟೆ ಕಣ್ಣು ಕೀಳದೆ ನೋಡಿದರಂತೆ. ಅಮ್ಮ ಒಳಗಿನಿಂದ ಒಂದು ಜೊತೆ ಚಿಕ್ಕ ಪಟ್ಟದ ಗೊಂಬೆ ತಂದು ಅವರ ಮಡಿಲಿಗೆ ಹಾಕಿದರು. ಮರದ ರಾಜ, ಮರದ ರಾಣಿ. ತವರಿನವರು ಮಗಳಿಗೆ ಕೊಡುವ ಗೊಂಬೆ ಅದು.

ಮಾರನೆಯ ವರ್ಷದಿಂದ ಪುಟ್ಟತಾಯಕ್ಕನ ಮನೆಯಲ್ಲೂ ಗೊಂಬೆ. ಆಹಾ, ಅದನ್ನು ನೀವು ನೋಡಬೇಕಿತ್ತು. ರಾಗಿ ಮೂಟೆ, ಕಬ್ಬಿಣದ ಪೆಟ್ಟಿಗೆ, ಮಗುಚಿದ ಕೊಳಗ, ಇವುಗಳ ಮೇಲೆ ಪಂಚೆ ಹಾಸಿದರೆ ಅದೇ ಮೆಟ್ಟಿಲು. ಅದರ ಮೇಲೆ ಮಣ್ಣಿನ ಕೋಳಿ, ಸೀಟಿ ಊದುವ ಪ್ಲಾಸ್ಟಿಕ್ ಪೊಲೀಸಪ್ಪ, ಬೆಂಕಿಪೊಟ್ಟಣದ ಬಸ್ಸು, ಕಿವಿಯಿಲ್ಲದ ಮೊಲ. ಎಲ್ಲಕ್ಕಿಂತ ಮೇಲೆ ರಾಜ ರಾಣಿ, ಅವರ ಮುಂದೆ ಒಂದು ಪುಟ್ಟ ತಟ್ಟೆಯಲ್ಲಿ ಗೋಲಿ ಗಾತ್ರದ ರಾಗಿಮುದ್ದೆ, ಪಕ್ಕದಲ್ಲಿ ಒಂದು ಚಮಚ ಸೊಪ್ಪಿನ ಸಾರು. ದಿನವೂ ಬಿಸಿಬಿಸಿಯಾಗಿ.

"ಇದೇನಕ್ಕಾ, ರಾಜರಿಗೆ ಮುದ್ದೆ?" ಎಂದು ನಾನು ಕೇಳಿದ್ದೆ.

"ಒಂಬತ್ ದಿನ ನಿಂತೇ ಇರ್ತವೆ ಕಣವ್ವ. ಹಸಿವಾಗಕಿಲ್ವಾ?"

ನಾವು ಏಳೆಂಟು ಹುಡುಗಿಯರು ಸಂಜೆಯಾಯಿತೆಂದರೆ ಡಬ್ಬಿ ಹಿಡಿದು ಬೀದಿಗೆ ಇಳಿಯುತ್ತಿದ್ದೆವು. ಬಾಗಿಲು ತೆರೆದ ಮನೆಯ ಮುಂದೆಲ್ಲ ನಿಂತು "ಗೊಂಬೆ ಕೂರ್ಸಿದೀರಾ?" ಎಂದು ರಾಗವಾಗಿ ಕೂಗುವುದು, ಒಳಗೆ ಕರೆದರೆ ಹೋಗಿ ಒಂದು ಹಾಡು ಒಪ್ಪಿಸುವುದು, ಕೊಟ್ಟ ಉಸಲಿಯನ್ನೋ ರವೆ ಉಂಡೆಯನ್ನೋ ಡಬ್ಬಿಗೆ ಹಾಕಿಕೊಂಡು ಮುಂದಿನ ಮನೆಗೆ ಓಡುವುದು. ಯಾವ ಮನೆಯನ್ನೂ ಬಿಡುವ ಹಾಗಿರಲಿಲ್ಲ. ವಕೀಲರ ಮನೆಯಲ್ಲಿ ದಪ್ಪ ಪುಸ್ತಕಗಳೇ ಮೆಟ್ಟಿಲು. ಕಂಡಕ್ಟರ್ ಮನೆಯಲ್ಲಿ ಹಳೇ ಬಸ್ ಟಿಕೆಟ್ಟುಗಳ ತೋರಣ. ಇಂಥವರದು ಸರಿ, ಇಂಥವರದು ತಪ್ಪು ಎಂಬ ಯೋಚನೆ ನಮ್ಮ ತಲೆಗೆ ಹೊಳೆದೇ ಇರಲಿಲ್ಲ. ಉಸಲಿಗೆ ಉಪ್ಪು ಸಾಲದು ಎಂಬಲ್ಲಿಗೆ ನಮ್ಮ ವಿಮರ್ಶೆ ಮುಗಿಯುತ್ತಿತ್ತು.

ಅಂಥದೇ ಒಂದು ನವರಾತ್ರಿಯಲ್ಲಿ ನಾನು ಶೆಟ್ಟರನ್ನು ಕೆಳಗೆ ಬೀಳಿಸಿದೆ. ಬೇರೇನೂ ಆಗಲಿಲ್ಲ, ಮೂಗು ಮಾತ್ರ ಹೋಯಿತು. ಅಮ್ಮ ನೋಡುವ ಮೊದಲೇ ಶೆಟ್ಟರನ್ನು ಲಂಗದಲ್ಲಿ ಮುಚ್ಚಿಕೊಂಡು ಪುಟ್ಟತಾಯಕ್ಕನ ಮನೆಗೆ ಓಡಿದೆ. ಅವರು ಕುಂಬಾರರ ಅಂಗಳದಿಂದ ಚಿಟಿಕೆ ಜೇಡಿಮಣ್ಣು ತಂದು, ಅನ್ನದ ಗಂಜಿಯಲ್ಲಿ ಕಲಸಿ, ಒಂದು ಮೂಗು ಮೆತ್ತಿದರು. ಮುಖದ ಬಣ್ಣಕ್ಕೆ ಹೊಂದಲಿ ಅಂತ ಒಂದಿಷ್ಟು ಕುಂಕುಮವನ್ನೂ ಹಚ್ಚಿದರು. ಮೂಗು ಮೊದಲಿಗಿಂತ ದಪ್ಪವಾಯಿತು, ಕೆಂಪಗೂ ಆಯಿತು. ಅಮ್ಮ ನೋಡಿ ಬೈಯಲಿಲ್ಲ. ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಶೆಟ್ಟರಿಗೆ ನೆಗಡಿಯಾಗಿದೆ ಕಣೇ" ಎಂದರು. ಅಂದಿನಿಂದ ಅವರು ನೆಗಡಿ ಶೆಟ್ಟರು. ಅವರ ಮುಂದೆ ಅಕ್ಕಿ ಬೇಳೆಯ ಜೊತೆ ಒಂದು ಚೂರು ಶುಂಠಿ ಇಡುವುದೂ ನಮ್ಮನೆಯ ಪದ್ಧತಿಯಾಯಿತು.

ಅಮ್ಮ ಹೋದರು, ಟ್ರಂಕು ನನಗೆ ಬಂತು. ನಾನೂ ಪುಟ್ಟತಾಯಕ್ಕನೂ ಈಗಲೂ ಇದೇ ಕುಂಬಾರಕೊಪ್ಪಲಿನಲ್ಲೇ ಇದ್ದೇವೆ, ಎರಡು ಬೀದಿ ಅಂತರದಲ್ಲಿ. ವರ್ಷಕ್ಕೊಮ್ಮೆ ಅವರು ನಮ್ಮನೆಗೆ, ನಾನು ಅವರ ಮನೆಗೆ. ಹೀಗೇ ನಡೆದಿತ್ತು, ನನ್ನ ಕೈಗೆ ಫೋನು ಬರುವವರೆಗೆ.

ಗೆಳತಿಯೊಬ್ಬಳು ನನ್ನನ್ನು ಗೊಂಬೆ ಕೂರಿಸುವವರ ವಾಟ್ಸಾಪ್ ಗುಂಪಿಗೆ ಸೇರಿಸಿದಳು. ನಿಜ ಹೇಳುತ್ತೇನೆ, ಮೊದಲ ವಾರ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಗೊಂಬೆ ಅಂದರೆ ಆಕಳಿಸುವ ಗಂಡನ ಜೊತೆ ಮೂವತ್ತೈದು ವರ್ಷ ಬಾಳಿದವಳಿಗೆ, ಗೊಂಬೆಯ ಸೀರೆಯ ಅಂಚಿನ ಬಗ್ಗೆ ಅರ್ಧ ದಿನ ಮಾತಾಡುವ ನೂರಾರು ಜನ ಒಟ್ಟಿಗೆ ಸಿಕ್ಕರೆ ಹೇಗಾಗಬೇಡ? ಬನ್ನಿಮಂಟಪದವರು, ಉದಯಗಿರಿಯವರು, ಎಲ್ಲೋ ದೂರದ ಊರಿಗೆ ಹೋಗಿ ನೆಲೆಸಿದವರು, ಎಲ್ಲರೂ ನನ್ನಂಥವರೇ. ನಾನು ಒಂದು ಫೋಟೊ ಹಾಕಿದರೆ ಹೂವು, ಚಪ್ಪಾಳೆ, ಮುಗಿದ ಕೈ. ಇಷ್ಟು ದಿನ ಎಲ್ಲಿದ್ದಿರೇ ಎಂದು ಅವರನ್ನೆಲ್ಲ ತಬ್ಬಿಕೊಳ್ಳುವಷ್ಟು ಪ್ರೀತಿ ಬಂತು. ಆ ಪ್ರೀತಿ ಸುಳ್ಳಲ್ಲ, ಈಗಲೂ ಇದೆ.

ಆದರೆ ಒಂದೇ ಥರದವರು ಒಂದೇ ಕಡೆ ಸೇರಿದರೆ ಒಂದು ವಿಚಿತ್ರ ನಡೆಯುತ್ತದೆ. ಒಬ್ಬರು "ಮೆಟ್ಟಿಲು ಒಂಬತ್ತೇ ಇರಬೇಕು" ಎಂದರು. ಹತ್ತು ಜನ ಹೌದು ಹೌದು ಎಂದರು. ಸಂಜೆಯ ಹೊತ್ತಿಗೆ ಅದು ಶಾಸ್ತ್ರವಾಗಿತ್ತು. ಪ್ಲಾಸ್ಟಿಕ್ ಇಡಕೂಡದು ಎಂದು ಇನ್ನೊಬ್ಬರು. ಮೆಟ್ಟಿಲಿಗೆ ಕೆಂಪು ರೇಷ್ಮೆಯೇ ಹಾಸಬೇಕು ಎಂದು ಮತ್ತೊಬ್ಬರು. ಯಾರು ಮೊದಲು ಹೇಳಿದರು, ಎಲ್ಲಿ ಬರೆದಿದೆ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮಮ್ಮ ಐದೇ ಮೆಟ್ಟಿಲಿಗೆ ಹಳೇ ಜಮಖಾನ ಹಾಸಿ ಬದುಕಿದವರು ಎಂಬುದು ನನಗೆ ನೆನಪಾಗಲೇ ಇಲ್ಲ ಅಂದರೆ ನೀವು ನಂಬಬೇಕು. ನೆನಪಾದರೂ, ಪಾಪ ಅಮ್ಮನಿಗೆ ಗೊತ್ತಿರಲಿಲ್ಲ ಎಂದುಕೊಳ್ಳುತ್ತಿದ್ದೆನೋ ಏನೋ.

ನಮ್ಮವರು ಒಂದು ದಿನ ಕಾಫಿ ಹೀರುತ್ತಾ ಹೇಳಿದರು: "ನಿನ್ನ ಗುಂಪಿನವರೆಲ್ಲ ತಂಜಾವೂರು ಗೊಂಬೆಗಳು ಕಣೇ. ಒಬ್ಬರನ್ನ ಮುಟ್ಟಿದ್ರೆ ಸಾಕು, ಎಲ್ರೂ ತಲೆ ಆಡಿಸ್ತಾರೆ." ನಾನು ಎರಡು ದಿನ ಮಾತು ಬಿಟ್ಟೆ.

ನವರಾತ್ರಿಯಲ್ಲಿ ಗುಂಪಿನವರ ಮನೆಗಳನ್ನು ನೋಡಲು ಆಟೊ ಮಾಡಿಕೊಂಡು ಊರೆಲ್ಲ ಸುತ್ತುತ್ತಿದ್ದೆ. ಎಲ್ಲರ ಮನೆಯಲ್ಲೂ ಅದೇ ಒಂಬತ್ತು ಮೆಟ್ಟಿಲು, ಅದೇ ಕೆಂಪು ರೇಷ್ಮೆ, ಒಂದೇ ಅಂಗಡಿಯಿಂದ ತಂದ ಅದೇ ಗೊಂಬೆ. ಒಮ್ಮೆ ನಮ್ಮನೆಯದೆಂದುಕೊಂಡು ತಂಗಿಗೆ ಒಂದು ಫೋಟೊ ಕಳಿಸಿ ಹೊಗಳಿಸಿಕೊಂಡೆ. ಆಮೇಲೆ ಗೋಡೆಯ ಬಣ್ಣ ನೋಡಿದರೆ ಅದು ಯಾರದೋ ಮನೆ. ಈ ಓಡಾಟದಲ್ಲಿ ಎರಡು ಬೀದಿ ಆಚೆಯ ಪುಟ್ಟತಾಯಕ್ಕನ ಮನೆಗೆ ಹೋಗಲು ಪುರಸೊತ್ತಾಗಲಿಲ್ಲ. ಒಂದು ವರ್ಷವಲ್ಲ, ನಾಲ್ಕು ವರ್ಷ. ಕರೆಯಲು ನಾನು ಹೋಗದಿದ್ದ ಮೇಲೆ ಅವರೂ ನಮ್ಮನೆಗೆ ಬರುವುದನ್ನು ನಿಲ್ಲಿಸಿದರು. ನಾನು ಅದನ್ನು ಗಮನಿಸಲಿಲ್ಲ.

ಅಷ್ಟರಲ್ಲಿ ಗುಂಪಿನಲ್ಲಿ ಹೊಸ ಮಾತೊಂದು ಹುಟ್ಟಿತು. ಮುಕ್ಕಾದ ಗೊಂಬೆ ಮನೆಗೆ ಆಗಿಬರುವುದಿಲ್ಲ, ಅದನ್ನು ಹೊರಗೆ ಹಾಕಬೇಕು. ಹೌದು ಹೌದು ಎಂದವರಲ್ಲಿ ನಾನೂ ಒಬ್ಬಳು. ಒಂದು ಬೆಳಿಗ್ಗೆ ನೆಗಡಿ ಶೆಟ್ಟರನ್ನು ಚೀಲದಲ್ಲಿಟ್ಟುಕೊಂಡು ಹೋಗಿ, ಬೀದಿಕೊನೆಯ ಅರಳಿಮರದ ಬುಡದಲ್ಲಿ, ಒಡೆದ ಫೋಟೊಗಳ ನಡುವೆ ಇಟ್ಟು ಕೈಮುಗಿದು ಬಂದೆ. ಶೆಟ್ಟಮ್ಮನಿಗೆ ಏನೂ ಆಗಿರಲಿಲ್ಲವಾದ್ದರಿಂದ ಅವಳನ್ನು ಟ್ರಂಕಿನಲ್ಲೇ ಉಳಿಸಿಕೊಂಡೆ. ಗುಂಪಿಗೆ "ಇವತ್ತು ಒಂದು ಒಳ್ಳೆ ಕೆಲಸ ಮಾಡಿದೆ" ಎಂದು ಬರೆದೆ. ಚಪ್ಪಾಳೆ ಬಂತು.

ಹೋದ ವರ್ಷದ ನವರಾತ್ರಿಯಲ್ಲಿ ಗುಂಪಿಗೆ ಹೊಸದಾಗಿ ಸೇರಿದವರೊಬ್ಬರು ಒಂದು ಫೋಟೊ ಹಾಕಿದರು. ಹೆಸರಿರಲಿಲ್ಲ, ಹೆಸರಿನ ಜಾಗದಲ್ಲಿ ಗುಲಾಬಿ ಹೂವು. "ನಮ್ಮತ್ತೆ ಕೂರಿಸಿದ ಗೊಂಬೆ, ಹೇಗಿದೆ ಹೇಳಿ" ಎಂದು ಬರೆದಿದ್ದರು. ಅಡ್ಡಾದಿಡ್ಡಿ ಮೆಟ್ಟಿಲು, ಪ್ಲಾಸ್ಟಿಕ್ಕು, ಏನೇನೋ. ಕುಕ್ಕರ್ ಕೂಗುತ್ತಿತ್ತು, ಅವಸರದಲ್ಲಿದ್ದೆ, ಬರೆದೆ: "ಇದು ಗೊಂಬೆ ಕೂರಿಸಿದ್ದೋ, ಗುಜರಿ ಅಂಗಡಿಯೋ?"

ನಗುವ ಮುಖಗಳು ಸಾಲಾಗಿ ಬಂದು ಬಿದ್ದವು. ಕುಕ್ಕರ್ ಇಳಿಸಿ ಬಂದು ಅವನ್ನು ಎಣಿಸಿದೆ, ಸುಳ್ಳೇಕೆ. ಇನ್ನೊಮ್ಮೆ ನಗೋಣ ಎಂದು ಫೋಟೊವನ್ನು ಬೆರಳಲ್ಲಿ ದೊಡ್ಡದು ಮಾಡಿದೆ. ಮೇಲ್ಗಡೆ ರಾಜ ರಾಣಿ. ಅವರ ಮುಂದೆ ಪುಟ್ಟ ತಟ್ಟೆ, ತಟ್ಟೆಯಲ್ಲಿ ಗೋಲಿ ಗಾತ್ರದ ಮುದ್ದೆ. ಕೆಳಗೆ ಅಕ್ಕಿ ಬೇಳೆಯ ಗುಡ್ಡೆ, ಒಂದು ಚೂರು ಶುಂಠಿ, ಅದರ ಹಿಂದೆ ಕೆಂಪು ಮೂಗಿನ ನಮ್ಮ ಶೆಟ್ಟರು.

ಬರೆದದ್ದನ್ನು ಅಳಿಸಿದೆ, ಆದರೆ ನಗುವ ಮುಖಗಳು ಬೇರೆಯವರವು, ಅವನ್ನು ಅಳಿಸಲು ನನಗೆ ಆಗಲಿಲ್ಲ. ನೋಡನೋಡುತ್ತಿದ್ದಂತೆ ಗುಲಾಬಿ ಹೂವು ಗುಂಪು ಬಿಟ್ಟು ಹೋಯಿತು.

ಅವತ್ತೇ ಸಂಜೆ ಹೋದೆ. "ಗೊಂಬೆ ಕೂರ್ಸಿದೀರಾ" ಎಂದು ಕೂಗಲು ಬಾಯಿ ಬರಲಿಲ್ಲ. ಬಾಗಿಲಲ್ಲಿ ಪುಟ್ಟತಾಯಕ್ಕನ ಸೊಸೆ ಶೋಭಾ ನಿಂತಿದ್ದಳು. "ಅತ್ತೆಗೆ ಓದಕ್ಕೆ ಬರಲ್ಲ, ನಾನೂ ಹೇಳಿಲ್ಲ," ಎಂದಳು ತಗ್ಗಿದ ದನಿಯಲ್ಲಿ. "ನೀವೂ ಹೇಳ್ಬೇಡಿ. ಎಲ್ಲಾರೂ ಚೆನ್ನಾಗಿದೆ ಅಂದ್ರು ಅಂತ ಹೇಳ್ಬುಟ್ಟಿದೀನಿ." ತಪ್ಪಿಸಿಕೊಳ್ಳಲು ದಾರಿಯೇನೋ ಸಿಕ್ಕಿತ್ತು. ಆ ದಾರಿಯಲ್ಲಿ ಹೋಗಲು ಮನಸ್ಸು ಬರಲಿಲ್ಲ.

"ಅಯ್ಯೋ, ಮೇಷ್ಟ್ರು ಮಗ್ಳು! ಈಗ್ ಗೊತ್ತಾಯ್ತಾ ದಾರಿ?" ಪುಟ್ಟತಾಯಕ್ಕ ಗೋಡೆ ಹಿಡಿದು ಎದ್ದರು. ಎಪ್ಪತ್ತೇಳು ವರ್ಷಕ್ಕೆ ಮೈ ಬಾಗಿತ್ತು, ನಗು ಬಾಗಿರಲಿಲ್ಲ.

"ಅಕ್ಕಾ, ಫೋನಲ್ಲಿ ನಿಮ್ಮ ಗೊಂಬೆ ನೋಡಿ ಗುಜರಿ ಅಂಗಡಿ ಅಂತ ಬರೆದೋಳು ನಾನೇ. ಎಲ್ರೂ ನಕ್ಕರು."

ಶೋಭಾ ತಲೆ ತಗ್ಗಿಸಿದಳು. ಪುಟ್ಟತಾಯಕ್ಕ ತಮ್ಮ ಗೊಂಬೆಗಳನ್ನು ಒಂದು ಸಲ ತಿರುಗಿ ನೋಡಿದರು.

"ಇನ್ನೇನಂದೀಯ, ಬುಡು. ಬಿಸಾಕಿದ್ದನ್ನ ತಾನೆ ನಾನು ಎತ್ಕಂಬಂದು ಕೂರ್ಸಿರೋದು? ಇವ್ನು ಆ ಅರಳೀಮರದ ಬುಡದಲ್ಲಿ ಮಳೇಲಿ ನೆನೀತಾ ಕೂತಿದ್ದ. ಮೂಗ್ ನೋಡ್ತಿದ್ದಂಗೇ ಗೊತ್ತಾಯ್ತು, ನಾನೇ ಮೆತ್ತಿದ್ ಮೂಗಲ್ವಾ? ಅಮ್ಮಾವ್ರ ಮನೆಯೋನ್ನ ಬೀದೀಲಿ ಬುಟ್ಬುಡಕ್ಕಾಯ್ತದಾ?"

"ಹೇಳಿ ಕಳಿಸಬಹುದಿತ್ತಲ್ಲಕ್ಕಾ," ಎಂದೆ. ಎಂಥ ಮಾತು ನೋಡಿ ನನ್ನದು.

"ಗೊಂಬೆ ನೋಡಕ್ ಬತ್ತೀಯಲ್ಲ, ಆಗ ಕೈಗೇ ಕೊಡಾನ ಅಂತಿದ್ದೆ. ನೀನ್ ಬರ್ನಿಲ್ಲ."

ಇದನ್ನು ಅವರು ಕೋಪದಿಂದ ಹೇಳಲಿಲ್ಲ. ಕೋಪದಿಂದ ಹೇಳಿದ್ದರೆ ನಾನು ಅಳುತ್ತಿರಲಿಲ್ಲ. ಆಮೇಲೆ ಒಂದು ಬೊಗಸೆ ಕಡಲೆ ಉಸಲಿ ಕೈಗಿಟ್ಟು, ಶೆಟ್ಟರನ್ನು ತೋರಿಸಿ, "ತಗಂಡೋಯ್ತೀಯಾ?" ಎಂದು ಕೇಳಿದರು. ಯಾವ ಮುಖ ಇಟ್ಟುಕೊಂಡು ತರಲಿ? ಇಲ್ಲೇ ಇರಲಿ ಎಂದೆ.

"ಹೆಂಡ್ತಿ ಎಲ್ಲವ್ಳೆ?"

"ಟ್ರಂಕಿನಲ್ಲಿದ್ದಾಳೆ."

"ಪಾಪ, ಒಬ್ಳೇನಾ?" ಎಂದರು.

ಮನೆಗೆ ಬಂದು ಗುಂಪಿಗೆ ಎಲ್ಲವನ್ನೂ ಬರೆದೆ, ಶೆಟ್ಟರ ಮೂಗಿನಿಂದ ಹಿಡಿದು ಗುಜರಿಯವರೆಗೆ. ಒಂದಿಡೀ ದಿನ ಯಾರೂ ಮಾತಾಡಲಿಲ್ಲ. ಹಿಂದೆಂದೂ ಹಾಗಾಗಿರಲಿಲ್ಲ. ಮಾರನೆಯ ಮಧ್ಯಾಹ್ನ ಬನ್ನಿಮಂಟಪದ ಹೆಂಗಸೊಬ್ಬರು ಸೊಂಡಿಲು ಮುರಿದ ಒಂದು ಆನೆಯ ಫೋಟೊ ಹಾಕಿ, "ನಮ್ಮಜ್ಜಿಯದು. ಪರದೆ ಹಿಂದೆ ಬಚ್ಚಿಟ್ಟಿದ್ದೆ" ಎಂದಷ್ಟೇ ಬರೆದರು. ಅದಕ್ಕೆ ಚಪ್ಪಾಳೆ ಬರಲಿಲ್ಲ. ಇಬ್ಬರು ಗುಂಪು ಬಿಟ್ಟರು. ನಾನಿನ್ನೂ ಇದ್ದೇನೆ, ಯಾರಾದರೂ "ಇಡಬಾರದು" ಎಂದರೆ "ಯಾಕೆ?" ಎಂದು ಕೇಳುವ ಕೆಟ್ಟ ಅಭ್ಯಾಸ ಮಾಡಿಕೊಂಡಿದ್ದೇನೆ.

ಈಗ ಶೆಟ್ಟಮ್ಮ ನನ್ನ ಕೈಯಲ್ಲಿದ್ದಾಳೆ. ನಾಳೆ ಪಾಡ್ಯ. ಪಕ್ಕದಲ್ಲಿ ಫೋನು ಟಿಂಗ್ ಟಿಂಗ್ ಎನ್ನುತ್ತಿದೆ, ಈ ಸಲ ಮೆಟ್ಟಿಲಿಗೆ ಯಾವ ಬಣ್ಣದ ಬಟ್ಟೆ ಎಂದು ಚರ್ಚೆ ನಡೆದಿರಬೇಕು. ನಾನು ಶೆಟ್ಟಮ್ಮನನ್ನು ಅಮ್ಮನ ಸೀರೆಯ ತುಂಡಿನಲ್ಲಿ ಮತ್ತೆ ಸುತ್ತಿದೆ, ಟ್ರಂಕು ತೆರೆದದ್ದು ತೆರೆದ ಹಾಗೇ ಇರಲಿ ಎಂದು ಬಿಟ್ಟು, ಚಪ್ಪಲಿ ಮೆಟ್ಟಿಕೊಂಡೆ. "ಎಲ್ಲಿಗೇ?" ಎಂದರು ನಮ್ಮವರು. "ಗಂಡನ ಮನೆಗೆ ಬಿಟ್ಟು ಬರ್ತೀನಿ," ಎಂದೆ.

ಎರಡು ಬೀದಿ ದಾಟಲು ಐದು ನಿಮಿಷ ಸಾಕು. ಪುಟ್ಟತಾಯಕ್ಕನ ಮನೆಯ ಬಾಗಿಲು ತೆರೆದಿತ್ತು. ಹೊರಗೇ ನಿಂತು, ದಾರಿಯಲ್ಲಿ ಹೋಗುವವರು ನೋಡಿದರೆ ನೋಡಲಿ ಎಂದುಕೊಂಡು, ಹಳೇ ರಾಗದಲ್ಲಿ ಗಟ್ಟಿಯಾಗಿ ಕೂಗಿದೆ.

"ಗೊಂಬೆ ಕೂರ್ಸಿದೀರಾ?"

ಒಳಗೆ ಪೆಟ್ಟಿಗೆ ಎಳೆಯುತ್ತಿದ್ದ ಸದ್ದು ನಿಂತಿತು.

"ಇನ್ನೂ ಇಲ್ಲ ಕಣವ್ವ. ಒಳಿಕ್ ಬಾ, ಇಬ್ರೂ ಸೇರಿ ಕೂರ್ಸಾನ."